ಗಾಲಿ ಬದಲಾದ ತೇರು

2022ರ ಮೇ 15ರ ಭಾನುವಾರ ಮೊನಾಕೋದ ಬೀದಿಯಲ್ಲಿ ನಡೆದ ಒಂದು ಸಣ್ಣ ಅವಘಡವನ್ನು ನಮ್ಮಲ್ಲಿ ಕೆಲವರಾದರೂ ಮೊಬೈಲಿನ ತೆರೆಯ ಮೇಲೆ ನೋಡಿರಬಹುದು. ಅಲ್ಲಿನ ಐತಿಹಾಸಿಕ ಗ್ರ್ಯಾಂಡ್ ಪ್ರಿ ಉತ್ಸವದಲ್ಲಿ ಫೆರಾರಿ ತಂಡದ ಚಾಲಕ ಶಾರ್ಲ್ ಲೆಕ್ಲೇರ್, 1974ರಲ್ಲಿ ನಿಕಿ ಲೌಡಾ ಓಡಿಸಿದ್ದ ಫೆರಾರಿ 312 ಬಿ3 ಕಾರನ್ನು ಪ್ರದರ್ಶನಕ್ಕಾಗಿ ಓಡಿಸುತ್ತಿದ್ದರು. ರಾಸ್ಕಾಸ್ ತಿರುವಿನಲ್ಲಿ ಬ್ರೇಕು ಕೈಕೊಟ್ಟಿತು. ಕಾರು ಗಿರ್ರನೆ ತಿರುಗಿ, ಹಿಂಬದಿಯನ್ನು ತಡೆಗೋಡೆಗೆ ಬಡಿದುಕೊಂಡು ನಿಂತಿತು. ಚಾಲಕನಿಗೆ ಏನೂ ಆಗಲಿಲ್ಲ. ಹಿಂದಿನ ರೆಕ್ಕೆಗೆ ಪೆಟ್ಟಾಯಿತು. ಆ ದೃಶ್ಯ ಹರಡುತ್ತಿದ್ದಂತೆ ಆಕ್ಷೇಪವೂ ಹರಡಿತು. ಇಂಥ ಅಮೂಲ್ಯ ವಸ್ತುವನ್ನು ಓಡಿಸಲು ಬಿಟ್ಟವರಾರು? ಗಾಜಿನ ಮನೆಯಲ್ಲಿ ಇರಬೇಕಾದದ್ದನ್ನು ಬೀದಿಗೆ ತಂದದ್ದೇಕೆ?

ಆ ಆಕ್ಷೇಪ ಸಹಜವಾದದ್ದು, ಆದರೆ ಸರಿಯಾದದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಹಳೆಯ ರೇಸ್ ಕಾರುಗಳಿಗೆ ನಿಜವಾದ ಅಪಾಯ ತಡೆಗೋಡೆಯಿಂದ ಬರುವುದಲ್ಲ. ಮುರಿದ ರೆಕ್ಕೆಯನ್ನು ಮತ್ತೆ ಮಾಡಬಹುದು; ಆ ಕಸುಬು ಬಲ್ಲವರು ಇನ್ನೂ ಇದ್ದಾರೆ. ಆದರೆ ಒಂದು ಕಾರಿನ ಚರಿತ್ರೆಯನ್ನು ತಿದ್ದಿ ಬರೆದರೆ, ಅದನ್ನು ಮೊದಲಿನಂತೆ ಮಾಡುವುದು ಬಹಳ ಕಷ್ಟ. ಹಣ ಹೆಚ್ಚಿದಂತೆ ಈ ತಿದ್ದುಪಡಿಯ ಆಸೆಯೂ ಹೆಚ್ಚುತ್ತಿದೆ. ಸಾಹಿತ್ಯದ ಬಳಗವೊಂದರಲ್ಲಿ ಈ ವಿಷಯವನ್ನು ಎತ್ತುವ ಧೈರ್ಯ ನನಗೆ ಬಂದಿರುವುದು ಇದೇ ಕಾರಣದಿಂದ. ಮೂಲಪಾಠ ಯಾವುದು, ಪ್ರಕ್ಷಿಪ್ತ ಯಾವುದು ಎಂದು ತಲೆ ಕೆಡಿಸಿಕೊಂಡವರಿಗೆ ಈ ಲೋಕದ ಸಂಕಟ ಬೇಗ ಅರ್ಥವಾಗುತ್ತದೆ.

ಮೊದಲು ಈ ಹವ್ಯಾಸದ ಸ್ವರೂಪವನ್ನು ಹೇಳಬೇಕು. ತೆರೆದ ಗಾಲಿಯ ಕಾರು ಎಂದರೆ ನಾಲ್ಕೂ ಗಾಲಿಗಳು ಮೈಯಿಂದ ಹೊರಗೆ ಚಾಚಿಕೊಂಡಿರುವ, ಒಬ್ಬನೇ ಕೂರಬಲ್ಲ ರೇಸ್ ಕಾರು. ಅದಕ್ಕೆ ದೀಪವಿಲ್ಲ, ಬಾಗಿಲಿಲ್ಲ, ರಸ್ತೆಯ ನೋಂದಣಿಯಿಲ್ಲ. ಓಡುವುದೊಂದನ್ನು ಬಿಟ್ಟರೆ ಅದರಿಂದ ಬೇರೆ ಉಪಯೋಗವೇ ಇಲ್ಲ. ಒಂದು ಕಾಲಕ್ಕೆ ಇವು ಋತು ಮುಗಿದೊಡನೆ ಹಳೆಯ ಸಾಮಾನಾಗುತ್ತಿದ್ದವು. ತಂಡಗಳು ಬಂದ ಬೆಲೆಗೆ ಮಾರುತ್ತಿದ್ದವು, ಇಲ್ಲವೇ ಬಿಚ್ಚಿ ಮುಂದಿನ ಕಾರಿಗೆ ಬಳಸುತ್ತಿದ್ದವು. ಬ್ರಿಟನ್ನಿನಲ್ಲಿ 1966ರಲ್ಲಿ ಹಿಸ್ಟಾರಿಕ್ ಸ್ಪೋರ್ಟ್ಸ್ ಕಾರ್ ಕ್ಲಬ್ ಹುಟ್ಟಿದ ಕಾಲದಿಂದ, ಇಂಥ ಕಾರುಗಳನ್ನು ಹುಡುಕಿ ಕೊಂಡು, ದುರಸ್ತಿ ಮಾಡಿ, ಸಮಕಾಲೀನ ಕಾರುಗಳ ಎದುರು ಮತ್ತೆ ಸ್ಪರ್ಧೆಗೆ ಇಳಿಸುವ ಪದ್ಧತಿ ಕ್ರಮೇಣ ಬೇರೂರಿತು. 1997ರಲ್ಲಿ ಮೊನಾಕೋದ ಐತಿಹಾಸಿಕ ಗ್ರ್ಯಾಂಡ್ ಪ್ರಿ ಆರಂಭವಾಯಿತು; 1966ರಲ್ಲಿ ರೇಸುಗಳನ್ನು ನಿಲ್ಲಿಸಿದ್ದ ಇಂಗ್ಲೆಂಡಿನ ಗುಡ್‌ವುಡ್ ಪಥ 1998ರಲ್ಲಿ 'ರಿವೈವಲ್' ಉತ್ಸವಕ್ಕಾಗಿ ಮತ್ತೆ ತೆರೆಯಿತು. ಇಂದು ಹಳೆಯ ಗ್ರ್ಯಾಂಡ್ ಪ್ರಿ ಕಾರೊಂದನ್ನು ಕೊಳ್ಳುವವನು ಒಂದು ಯಂತ್ರದ ಜೊತೆಗೆ ಈ ಪಥಗಳಿಗೆ ಪ್ರವೇಶವನ್ನೂ ಕೊಳ್ಳುತ್ತಾನೆ.

ಆದರೆ ಅವನು ಕೊಳ್ಳುವುದು ಏನನ್ನು? ಸಮಸ್ಯೆ ಇಲ್ಲಿಂದ ಶುರುವಾಗುತ್ತದೆ. ರೇಸ್ ಕಾರು ಹುಟ್ಟಿದ ದಿನದಿಂದಲೇ ಬದಲಾಗುತ್ತಾ ಹೋಗುವ ವಸ್ತು. ಒಂದು ರೇಸಿನಲ್ಲಿ ಎಂಜಿನ್ ಒಡೆದರೆ ಮುಂದಿನದಕ್ಕೆ ಬೇರೆ ಎಂಜಿನ್. ಡಿಕ್ಕಿಯಾದರೆ ಹೊಸ ಮೂತಿ, ಹೊಸ ತೂಗುವ್ಯವಸ್ಥೆ, ಕೆಲವೊಮ್ಮೆ ಹೊಸ ಚಾಸಿಯೇ. ಆ ಕಾಲದ ತಂಡಗಳಿಗೆ ಚರಿತ್ರೆಯ ಚಿಂತೆಯಿರಲಿಲ್ಲ, ಮುಂದಿನ ಭಾನುವಾರದ ಚಿಂತೆಯಿತ್ತು. ದೇಶದಿಂದ ದೇಶಕ್ಕೆ ಗಡಿ ದಾಟುವಾಗ ಸುಂಕದ ಕಾಗದದಲ್ಲಿ ಯಾವ ಸಂಖ್ಯೆ ಇದೆಯೋ ಆ ಸಂಖ್ಯೆಯ ಫಲಕವನ್ನು ಇನ್ನೊಂದು ಕಾರಿಗೆ ಹೊಡೆದು ಸಾಗಿಸಿದ್ದೂ ಉಂಟು. 1957ರಲ್ಲಿ ಹ್ವಾನ್ ಮಾನ್ವೆಲ್ ಫಾಂಜಿಯೋಗೆ ಐದನೆಯ ವಿಶ್ವಪಟ್ಟ ತಂದುಕೊಟ್ಟ ಮಸೆರಾಟಿ 250ಎಫ್ ಜಾತಿಯ ಕಾರುಗಳ ಸಂಖ್ಯೆಗಳನ್ನು ಬಿಡಿಸುವ ಕೆಲಸ ಇತಿಹಾಸಕಾರರನ್ನು ದಶಕಗಳ ಕಾಲ ಕಾಡಿದೆ.

ಈ ಗೊಂದಲವನ್ನು ನೇರವಾಗಿ ಎದುರಿಸಿದವರಲ್ಲಿ ಮುಖ್ಯರು ಡೆನಿಸ್ ಜೆಂಕಿನ್ಸನ್. 1955ರ ಮಿಲ್ಲೆ ಮಿಲ್ಯಾ ಓಟದಲ್ಲಿ ಸ್ಟರ್ಲಿಂಗ್ ಮಾಸ್ ಅವರ ಪಕ್ಕದಲ್ಲಿ ಕುಳಿತು ದಾರಿ ಹೇಳಿ ಗೆಲ್ಲಿಸಿದ ಈ ಪತ್ರಕರ್ತ, 1987ರಲ್ಲಿ ಹಳೆಯ ರೇಸ್ ಕಾರುಗಳ ಒಂದು ಕೋಶವನ್ನು ಪ್ರಕಟಿಸಿದರು. ಅದರಲ್ಲಿ ಅವರು ಕಾರುಗಳನ್ನು ಅವುಗಳ ನಿಜತನಕ್ಕೆ ಅನುಸಾರವಾಗಿ ವಿಂಗಡಿಸುವ ಮೆಟ್ಟಿಲುಗಳನ್ನು ಕೊಟ್ಟರು. ಏನೂ ಬದಲಾಗದೆ ಉಳಿದದ್ದು 'ಮೂಲ'. ಅಂಥದು ಸಿಗುವುದೇ ಅಪರೂಪ. ಭಾಗಗಳು ಬದಲಾಗಿದ್ದರೂ ಬಾಳು ಎಲ್ಲಿಯೂ ಕಡಿಯದೆ ಮುಂದುವರಿದು ಬಂದದ್ದು ಅದರ ಕೆಳಗಿನ ಮೆಟ್ಟಿಲು. ಸತ್ತು ಬಿದ್ದು ಚೂರಾಗಿದ್ದನ್ನು ಚೂರುಗಳಿಂದಲೇ ಎಬ್ಬಿಸಿದ್ದು ಪುನರುತ್ಥಾನ. ಒಂದೋ ಎರಡೋ ಹಳೆಯ ಭಾಗಗಳ ಸುತ್ತ ಹೊಸದಾಗಿ ಕಟ್ಟಿದ್ದು ಪುನಾರಚನೆ. ಹಳೆಯದು ಏನೂ ಇಲ್ಲದೆ ನೋಡಿ ಮಾಡಿದ್ದು ನಕಲು. ಎಲ್ಲಕ್ಕಿಂತ ಕೆಟ್ಟದ್ದು, ಒಂದು ಕಾರನ್ನು ಬಿಚ್ಚಿ, ಭಾಗಗಳನ್ನು ಹಂಚಿ, ಎರಡು ಕಾರು ಮಾಡಿ, ಎರಡಕ್ಕೂ ಒಂದೇ ಚರಿತ್ರೆಯನ್ನು ಅಂಟಿಸುವುದು. ಇದನ್ನು ಜೆಂಕಿನ್ಸನ್ ಒಂದು ರೋಗವೆಂದೇ ಭಾವಿಸಿದ್ದರು.

ಈ ವಿಂಗಡಣೆಯನ್ನು ಮೊದಲ ಬಾರಿ ಓದಿದಾಗ ನನಗೆ ನೆನಪಾದದ್ದು ಎರಡು ಸಂಗತಿಗಳು. ಒಂದು, ಊರ ತೇರು. ನಮ್ಮ ಊರುಗಳ ತೇರಿನ ಗಾಲಿ ಬದಲಾಗಿರುತ್ತದೆ, ಅಚ್ಚುಮರ ಬದಲಾಗಿರುತ್ತದೆ, ಹಗ್ಗವಂತೂ ಎಷ್ಟು ಸಲ ಬದಲಾಗಿದೆಯೋ ಲೆಕ್ಕವಿಲ್ಲ. ಆದರೂ ಅಜ್ಜ ಎಳೆದ ತೇರನ್ನೇ ಮೊಮ್ಮಗನೂ ಎಳೆಯುತ್ತಾನೆ ಎಂಬುದರಲ್ಲಿ ಊರಿಗೆ ಸಂಶಯವಿಲ್ಲ. ವರ್ಷವರ್ಷವೂ ಎಳೆದದ್ದರಿಂದಲೇ ಅದು ಅದೇ ತೇರು. ಇನ್ನೊಂದು, ಹಸ್ತಪ್ರತಿಗಳು. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ'ಯನ್ನು ಓದಿದವರಿಗೆ ಗೊತ್ತು: ಪ್ರತಿಗಳು ಭಿನ್ನವಾಗಿರುವುದು ದೋಷವಲ್ಲ, ಅದು ಪ್ರತಿಗಳ ಸ್ವಭಾವ. ಸಂಪಾದಕನ ಪ್ರಾಮಾಣಿಕತೆ ಇರುವುದು ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಮುಚ್ಚಿಡದೆ ಕೊಡುವುದರಲ್ಲಿ. ತಾನೇ ಒಂದು ಪದ್ಯ ಬರೆದು ಕವಿಯ ಹೆಸರಿನಲ್ಲಿ ಸೇರಿಸಿದರೆ ಅದು ಸಂಪಾದನೆಯಲ್ಲ, ಮೋಸ.

ಹಳೆಯ ರೇಸ್ ಕಾರಿನ ಒಡೆಯನೂ ಒಬ್ಬ ಸಂಪಾದಕ ಎಂಬುದು ನನ್ನ ವಾದದ ತಿರುಳು. ತೇರಿನ ನ್ಯಾಯದಿಂದ ಅವನಿಗೆ ಭಾಗ ಬದಲಿಸುವ ಹಕ್ಕಿದೆ. ಗ್ರಂಥ ಸಂಪಾದನೆಯ ನ್ಯಾಯದಿಂದ, ಬದಲಿಸಿದ್ದನ್ನು ಬರೆದಿಡುವ ಹೊಣೆಯೂ ಇದೆ. ಹಕ್ಕನ್ನು ಎಲ್ಲರೂ ಬಳಸುತ್ತಾರೆ; ಹೊಣೆಯನ್ನು ಹೊರುವವರು ಕಡಿಮೆ.

ಹೊಣೆ ತಪ್ಪಿದಾಗ, ಅಥವಾ ಚರಿತ್ರೆಯೇ ಕಡಿದುಹೋದಾಗ, ಏನಾಗುತ್ತದೆ ಎಂಬುದಕ್ಕೆ ಉದಾಹರಣೆಗಳಿವೆ. ಜರ್ಮನಿಯ ತ್ಸ್ವಿಕಾವಿನಲ್ಲಿ ತಯಾರಾದ ಆಟೋ ಯೂನಿಯನ್ ಗ್ರ್ಯಾಂಡ್ ಪ್ರಿ ಕಾರುಗಳನ್ನು ಎರಡನೆಯ ಮಹಾಯುದ್ಧದ ನಂತರ ಸೋವಿಯತ್ ಪಡೆಗಳು ಕೊಂಡೊಯ್ದವು, ಹೆಚ್ಚಿನವು ಗುಜರಿಯಾದವು. ದಶಕಗಳ ಮೇಲೆ ಸಂಗ್ರಾಹಕರು ಅಲ್ಲಿ ಉಳಿದಿದ್ದ ಭಾಗಗಳನ್ನು ಹುಡುಕಿ ತಂದರು, ನುರಿತ ಇಂಗ್ಲಿಷ್ ಕುಶಲಕರ್ಮಿಗಳು ಅವುಗಳಿಂದ ಕಾರುಗಳನ್ನು ಎಬ್ಬಿಸಿದರು. ಅದು ಮೆಚ್ಚಬೇಕಾದ ಸಾಹಸ. ಆದರೆ 2007ರಲ್ಲಿ ಅಂಥ ಒಂದು ಡಿ ಮಾದರಿಯ ಕಾರನ್ನು ಕ್ರಿಸ್ಟೀಸ್ ಸಂಸ್ಥೆ ಪ್ಯಾರಿಸ್ಸಿನಲ್ಲಿ ಹರಾಜಿಗೆ ಇಡಲು ಹೊರಟಾಗ, ಅದು ನಿಜವಾಗಿ ಯಾವ ಕಾರು, ಯಾವ ರೇಸುಗಳಲ್ಲಿ ಓಡಿದ್ದು ಎಂಬ ಪ್ರಶ್ನೆ ಎದ್ದಿತು. ಕೊನೆಗೆ ಹರಾಜಿನಿಂದ ಕಾರನ್ನು ಹಿಂತೆಗೆಯಬೇಕಾಯಿತು. ಲೋಹ ಹಳೆಯದೇ ಇತ್ತು. ಅನುಮಾನವಿದ್ದದ್ದು ಕಥೆಯ ಬಗ್ಗೆ.

ಇದಕ್ಕೆ ಎದುರಾದ ಉದಾಹರಣೆ 1990ರ ಲಂಡನ್ನಿನ ಹೈಕೋರ್ಟಿನದು. ವಿವಾದದ ಕಾರು ತೆರೆದ ಗಾಲಿಯದಲ್ಲ, 1929 ಮತ್ತು 1930ರಲ್ಲಿ ಲೆ ಮಾನ್ಸ್ ಗೆದ್ದ 'ಓಲ್ಡ್ ನಂಬರ್ ಒನ್' ಎಂಬ ಬೆಂಟ್ಲಿ. ಆದರೆ ಅಲ್ಲಿ ಹೊರಬಿದ್ದ ತತ್ತ್ವ ಎಲ್ಲ ರೇಸ್ ಕಾರುಗಳಿಗೂ ಅನ್ವಯಿಸುತ್ತದೆ. ಗೆದ್ದ ದಿನದ ಭಾಗಗಳಲ್ಲಿ ಈಗ ಉಳಿದಿರುವುದು ಅತ್ಯಲ್ಪ, ಆದ್ದರಿಂದ ಇದು ಆ ಕಾರೇ ಅಲ್ಲ ಎಂದು ಕೊಳ್ಳಲೊಪ್ಪಿದವರು ವಾದಿಸಿದರು. ನ್ಯಾಯಮೂರ್ತಿ ಆಟನ್ ಒಪ್ಪಲಿಲ್ಲ. ಮೂಲ ಸ್ಥಿತಿಯ ಕಾರು ಇದಲ್ಲ, ನಿಜ. ಆದರೆ ಅದರ ಬಾಳು ರೇಸಿನಿಂದ ರೇಸಿಗೆ, ಬದಲಾವಣೆಯಿಂದ ಬದಲಾವಣೆಗೆ ಕಡಿಯದೆ ಬಂದಿದೆ, ಆ ಹೆಸರನ್ನು ಹೊರುವ ಅರ್ಹತೆ ಇನ್ಯಾವ ಕಾರಿಗೂ ಇಲ್ಲ ಎಂಬುದು ತೀರ್ಪಿನ ಸಾರ. ತೇರಿನ ನ್ಯಾಯಕ್ಕೆ ಇಂಗ್ಲಿಷ್ ನ್ಯಾಯಾಲಯದ ಮುದ್ರೆ ಬಿದ್ದಂತಾಯಿತು. ಆ ತೀರ್ಪು ಸಾಧ್ಯವಾದದ್ದು ಪ್ರತಿಯೊಂದು ಬದಲಾವಣೆಯ ಜಾಡನ್ನೂ ಹಿಡಿಯಲು ಸಾಧ್ಯವಿದ್ದುದರಿಂದ ಎಂಬುದನ್ನು ಮರೆಯಬಾರದು.

ಕೊಳ್ಳುವವರು ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಐತಿಹಾಸಿಕ ರೇಸುಗಳಲ್ಲಿ ಭಾಗವಹಿಸಲು ಅಂತರರಾಷ್ಟ್ರೀಯ ಮೋಟಾರು ಒಕ್ಕೂಟ, ಅಂದರೆ ಎಫ್‌ಐಎ, ಕೊಡುವ ತಾಂತ್ರಿಕ ಪಾಸ್‌ಪೋರ್ಟ್ ಬೇಕು. ಕಾರು ತನ್ನ ಕಾಲದ ವಿನ್ಯಾಸಕ್ಕೆ ತಕ್ಕಂತೆ ಇದೆಯೇ ಎಂಬುದನ್ನು ಮಾತ್ರ ಆ ದಾಖಲೆ ಹೇಳುತ್ತದೆ. ಅದು ಇಂಥದೇ ಕಾರು, ಇಂಥವರೇ ಓಡಿಸಿದ್ದು ಎಂಬುದಕ್ಕೆ ಅದು ಸಾಕ್ಷಿಯಲ್ಲ. ಛಂದಸ್ಸು ಸರಿಯಿದೆ ಎಂದ ಮಾತ್ರಕ್ಕೆ ಪದ್ಯ ಪಂಪನದಾಗುವುದಿಲ್ಲವಷ್ಟೆ. ಈ ಪಾಸ್‌ಪೋರ್ಟನ್ನೇ ಜಾತಕವೆಂದು ತಿಳಿದು ಹಣ ಕೊಡುವವನು ಕಾಗದವನ್ನು ಕೊಳ್ಳುತ್ತಾನೆ.

ಹಣದ ಮಾತಿಗೆ ಬರೋಣ. 2013ರ ಜುಲೈನಲ್ಲಿ ಗುಡ್‌ವುಡ್‌ನಲ್ಲಿ ಬಾನಮ್ಸ್ ನಡೆಸಿದ ಹರಾಜಿನಲ್ಲಿ, ಫಾಂಜಿಯೋ 1954ರ ಜರ್ಮನ್ ಮತ್ತು ಸ್ವಿಸ್ ಗ್ರ್ಯಾಂಡ್ ಪ್ರಿಗಳನ್ನು ಗೆದ್ದ ಮರ್ಸಿಡಿಸ್ ಡಬ್ಲ್ಯು 196 ಕಾರು 1.96 ಕೋಟಿ ಪೌಂಡಿಗೆ ಹೋಯಿತು. 2025ರ ಫೆಬ್ರವರಿ 1ರಂದು ಸ್ಟುಟ್‌ಗಾರ್ಟ್‌ನಲ್ಲಿ ಅದರ ಸೋದರ ಕಾರು, ಗಾಲಿಗಳನ್ನೂ ಮುಚ್ಚುವ ನೀಳ ಕವಚದ್ದು, 5.11 ಕೋಟಿ ಯೂರೋಗಳನ್ನು ದಾಟಿತು. ಗ್ರ್ಯಾಂಡ್ ಪ್ರಿ ಕಾರೊಂದಕ್ಕೆ ಹರಾಜಿನಲ್ಲಿ ಅಲ್ಲಿಯವರೆಗೆ ಬಂದ ಅತಿ ಹೆಚ್ಚಿನ ಬೆಲೆ ಅದು. ಮಾರಿದ್ದು ಇಂಡಿಯಾನಾಪೊಲಿಸ್ಸಿನ ಒಂದು ವಸ್ತುಸಂಗ್ರಹಾಲಯ. ಅದೇ ವರ್ಷ ಬರ್ನಿ ಎಕ್ಲ್‌ಸ್ಟನ್ ಅವರ 69 ಕಾರುಗಳ ಸಂಗ್ರಹ ಒಟ್ಟಾಗಿ ಒಬ್ಬರ ಕೈ ಸೇರಿತು.

ಈ ಬೆಲೆಗಳು ಎರಡು ಕೇಡುಗಳನ್ನು ತರುತ್ತವೆ. ಮೊದಲನೆಯದು, ಕಾರು ಬಂಡವಾಳವಾಗಿ, ಉಗ್ರಾಣ ಸೇರಿ, ಓಡುವುದನ್ನೇ ನಿಲ್ಲಿಸುತ್ತದೆ. ಎರಡನೆಯದು ಇನ್ನೂ ಗಂಭೀರ: 'ಪುನಾರಚನೆ' ಎಂಬ ಮೆಟ್ಟಿಲಲ್ಲಿ ಇರಬೇಕಾದದ್ದನ್ನು ಒಂದು ಮೆಟ್ಟಿಲು ಮೇಲಕ್ಕೆ ತಳ್ಳಿದರೆ ಕೋಟಿಗಳ ಲಾಭ. ಆಗ ಹಳೆಯ ಫೋಟೋಗಳನ್ನು, ಮೆಕ್ಯಾನಿಕ್ಕುಗಳ ಟಿಪ್ಪಣಿಗಳನ್ನು, ತಂಡದ ಲೆಕ್ಕಪುಸ್ತಕಗಳನ್ನು ಓದುವ ಇತಿಹಾಸಕಾರನ ಮೇಲೂ ಒತ್ತಡ ಬೀಳುತ್ತದೆ. ಅವನ ಒಂದು ವಾಕ್ಯಕ್ಕೆ ಬೆಲೆ ಬಂದಾಗ ಆ ವಾಕ್ಯ ನಿಷ್ಪಕ್ಷಪಾತವಾಗಿ ಉಳಿಯುವುದು ಕಷ್ಟ.

ಹಾಗಾದರೆ ಓಡಿಸಬೇಕೋ ನಿಲ್ಲಿಸಬೇಕೋ? ಜೆಂಕಿನ್ಸನ್ನರ ಮೆಟ್ಟಿಲುಗಳೇ ಇದಕ್ಕೆ ಉತ್ತರ ಕೊಡುತ್ತವೆ ಎಂದು ನಾನು ತಿಳಿದಿದ್ದೇನೆ. ಕಾರ್ಖಾನೆಯ ಬಣ್ಣ, ಬೆಸುಗೆ, ಮೊಳೆ ಎಲ್ಲವೂ ಅಂದಿನಂತೆಯೇ ಉಳಿದ ಅಪರೂಪದ ಕಾರು ಒಂದು ಓಲೆಗರಿಯಿದ್ದಂತೆ. ಮುಂದಿನವರು ಪರಿಶೀಲಿಸಬಹುದಾದ ಸಾಕ್ಷ್ಯ. ಅದನ್ನು ಸ್ಪರ್ಧೆಗೆ ಇಳಿಸಿ, ಬಿರುಕು ಬಿಟ್ಟ ಭಾಗಗಳನ್ನು ಒಂದೊಂದಾಗಿ ಬದಲಿಸುವುದು ಸಾಕ್ಷ್ಯನಾಶ. ಅದು ನಿಲ್ಲಲಿ. ಆದರೆ ಐವತ್ತು ವರ್ಷಗಳಿಂದ ಓಡುತ್ತ, ಬದಲಾಗುತ್ತ ಬಂದ ಕಾರನ್ನು ಈಗ ಗಾಜಿನೊಳಗೆ ಇಟ್ಟರೆ ಯಾವ ಸಾಕ್ಷ್ಯವೂ ಉಳಿಯುವುದಿಲ್ಲ, ಉಳಿದಿರುವ ಜೀವವೂ ಹೋಗುತ್ತದೆ. ಅದು ಓಡಲಿ.

ಓಡಿದಾಗ ಉಳಿಯುವುದು ಕಾರೊಂದೇ ಅಲ್ಲ, ಕಸುಬು. 1967ರ ಜೂನ್‌ನಲ್ಲಿ ಝಾಂಡ್‌ವೂರ್ಟ್‌ನಲ್ಲಿ ಲೋಟಸ್ 49ರ ಬೆನ್ನೇರಿ, ಜಿಮ್ ಕ್ಲಾರ್ಕ್ ಅವರ ಕೈಯಲ್ಲಿ ಮೊದಲ ರೇಸನ್ನೇ ಗೆದ್ದ ಕಾಸ್ವರ್ತ್ ಡಿಎಫ್‌ವಿ ಎಂಜಿನ್ನನ್ನು ನೋಡಿ. ಮೂರು ಲೀಟರಿನ, ಎಂಟು ಸಿಲಿಂಡರಿನ ಆ ಎಂಜಿನ್ನು ಮರುವರ್ಷದಿಂದ 7,500 ಪೌಂಡಿಗೆ ಬೇರೆ ತಂಡಗಳಿಗೂ ಸಿಗತೊಡಗಿತು. ಆ ಕುಟುಂಬದ ಎಂಜಿನ್ನುಗಳು 1983ರವರೆಗೆ 155 ಗ್ರ್ಯಾಂಡ್ ಪ್ರಿಗಳನ್ನು ಗೆದ್ದವು. ಅಷ್ಟು ಸಂಖ್ಯೆಯಲ್ಲಿ ತಯಾರಾದದ್ದರಿಂದಲೇ ಇಂದಿಗೂ ಖಾಸಗಿ ಕಾರ್ಯಾಗಾರಗಳು ಅದನ್ನು ಬಿಚ್ಚಿ ಜೋಡಿಸಬಲ್ಲವು. ಹಳೆಯ ಮೆಗ್ನೀಸಿಯಂ ಎರಕದಲ್ಲಿ ಕಣ್ಣಿಗೆ ಕಾಣದ ಬಿರುಕನ್ನು ಪತ್ತೆಹಚ್ಚುವುದು, ಅಲ್ಯುಮಿನಿಯಂ ಹಾಳೆಗಳ ರಿವೆಟ್ ಸಡಿಲಿದೆಯೇ ಎಂದು ಬೆರಳಿನಿಂದ ತಿಳಿಯುವುದು, ಇಂಧನದ ರಬ್ಬರು ಚೀಲವನ್ನು ಅವಧಿ ತೀರುವ ಮುನ್ನ ಬದಲಿಸುವುದು: ಇವು ಪುಸ್ತಕದಿಂದ ಬರುವ ವಿದ್ಯೆಗಳಲ್ಲ. ಕಾರು ನಿಂತರೆ ಒಂದು ತಲೆಮಾರಿನಲ್ಲಿ ಈ ಕೈಗಳು ಇಲ್ಲವಾಗುತ್ತವೆ. ಆಡದ ಮೇಳದಲ್ಲಿ ಕಿರೀಟ ಕಟ್ಟುವವನು ಎಷ್ಟು ದಿನ ಉಳಿದಾನು?

ಪ್ರಾಣಾಪಾಯದ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. 2017ರಲ್ಲಿ ಅದೇ ಝಾಂಡ್‌ವೂರ್ಟ್‌ನ ಐತಿಹಾಸಿಕ ರೇಸಿನಲ್ಲಿ, 1970ರ ಮಾರ್ಚ್ 701 ಕಾರು ಓಡಿಸುತ್ತಿದ್ದ ಫ್ರೆಂಚ್ ಚಾಲಕರೊಬ್ಬರು ಅಪಘಾತಕ್ಕೀಡಾಗಿ ಕೆಲವು ದಿನಗಳ ಬಳಿಕ ತೀರಿಕೊಂಡರು. ಆ ಕಾರುಗಳಲ್ಲಿ ಚಾಲಕನ ಕಾಲು ಮುಂಗಾಲಿಗಳ ಹತ್ತಿರ ಇರುತ್ತದೆ, ಇಂಧನ ಅವನ ಪಕ್ಕದಲ್ಲೇ ಇರುತ್ತದೆ. ಹೊಸ ಹೆಲ್ಮೆಟ್ಟು, ಹೊಸ ಬೆಲ್ಟು ಎಲ್ಲವನ್ನೂ ಹಾಕಿಕೊಂಡರೂ ಆ ಕಾಲದ ವಿನ್ಯಾಸ ಬದಲಾಗುವುದಿಲ್ಲ. ಇದನ್ನು ತಿಳಿದು, ಒಪ್ಪಿ ಇಳಿಯುವವರು ವಯಸ್ಕರು. ಆದರೆ ಆಯೋಜಕರೂ ಒಡೆಯರೂ ಗೆಲ್ಲುವ ಹಟಕ್ಕೆ ಕಡಿವಾಣ ಹಾಕಬೇಕು. ಹವ್ಯಾಸಿಯ ಕಾರಿಗೆ ಬಾಡಿಗೆ ವೃತ್ತಿಪರ ಚಾಲಕನನ್ನು ಕೂರಿಸಿ, ಅಂದು ಎಂಜಿನ್ ಸುತ್ತದಷ್ಟು ವೇಗದಲ್ಲಿ ಸುತ್ತಿಸಿ ಗೆದ್ದರೆ, ಅದು ಇತಿಹಾಸಕ್ಕೆ ಸಲ್ಲಿಸಿದ ಗೌರವವೇನೂ ಅಲ್ಲ.

"ಇದೆಲ್ಲ ಸಿರಿವಂತರ ಆಟಿಕೆಯಲ್ಲವೇ? ನಮಗೇಕೆ?" ಎಂದು ನಮ್ಮ ಬಳಗದ ಹಿರಿಯರೊಬ್ಬರು ಕೇಳಿದರು. ಅರ್ಧ ನಿಜ. ಆದರೆ ಈ ಲೋಕದ ಕೆಳಗಿನ ಅಂತಸ್ತು ಬೇರೆಯೇ ಇದೆ. 1967ರ ಜುಲೈ 2ರಂದು ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಮೊದಲ ಓಟ ಕಂಡ ಫಾರ್ಮುಲಾ ಫೋರ್ಡ್, ಸಾವಿರ ಪೌಂಡಿನ ಆಸುಪಾಸಿನಲ್ಲಿ ಕಾರು ಸಿಗಬೇಕು ಎಂಬ ಉದ್ದೇಶದಿಂದ ಹುಟ್ಟಿದ್ದು. ಸಾಮಾನ್ಯ ಫೋರ್ಡ್ ಕಾರಿನ 1.6 ಲೀಟರ್ ಎಂಜಿನ್, ರೆಕ್ಕೆಯಿಲ್ಲ, ಸಾದಾ ಟೈರು. 1972ಕ್ಕೆ ಮುಂಚಿನ ಆ ಕಾರುಗಳು ಬ್ರಿಟನ್ನಿನಲ್ಲಿ ಇಂದಿಗೂ ದೊಡ್ಡ ಗುಂಪಾಗಿ ಓಡುತ್ತವೆ. ಒಡೆಯರಲ್ಲಿ ತಮ್ಮ ಗ್ಯಾರೇಜಿನಲ್ಲಿ ತಾವೇ ಸ್ಪ್ಯಾನರ್ ಹಿಡಿಯುವವರಿದ್ದಾರೆ. ಸಂಗ್ರಹಕ್ಕೆ ಕೋಟಿ ಬೇಕಿಲ್ಲ. ಶ್ರದ್ಧೆ ಮತ್ತು ಒಂದು ದಫ್ತರು ಬೇಕು.

ಚೆನ್ನೈಯಲ್ಲಿ ಬದುಕುವ ನನಗೆ ಈ ಮಾತು ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ನಗರದ ಉತ್ತರಕ್ಕಿರುವ ಶೋಳವರಂನ ಯುದ್ಧಕಾಲದ ವಿಮಾನಪಟ್ಟಿಯಲ್ಲಿ ದಶಕಗಳ ಕಾಲ ರೇಸು ನಡೆಯಿತು. 1953ರಲ್ಲಿ ಸ್ಥಾಪನೆಯಾದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಹೆಸರು ಆ ನೆಲಕ್ಕೆ ಅಂಟಿಕೊಂಡಿದೆ. ಬೆಂಗಳೂರಿನ ವಿಜಯ್ ಮಲ್ಯ 1980ರ ದಶಕದಲ್ಲಿ ಎನ್‌ಸೈನ್ ಫಾರ್ಮುಲಾ ಒನ್ ಕಾರನ್ನು ಅಲ್ಲಿ ಓಡಿಸಿದ್ದನ್ನು ಹಳಬರು ಈಗಲೂ ನೆನೆಯುತ್ತಾರೆ. ಆದರೆ ನನ್ನ ಮನಸ್ಸು ನಿಲ್ಲುವುದು ಅದಕ್ಕಿಂತ ಸಣ್ಣ ಕಾರೊಂದರ ಮೇಲೆ. ಕೊಯಮತ್ತೂರಿನ ಎಸ್. ಕರಿವರ್ಧನ್, ಮಾರುತಿ 800ರ 796 ಸಿಸಿ ಎಂಜಿನ್ನನ್ನು ಇಟ್ಟು ಫಾರ್ಮುಲಾ ಮಾರುತಿ ಎಂಬ ತೆರೆದ ಗಾಲಿಯ ಕಾರನ್ನು ರೂಪಿಸಿದರು. ಹೊರದೇಶದಿಂದ ತರಿಸಲು ಶಕ್ತಿಯಿಲ್ಲದ ಹುಡುಗರೂ ಏಕಾಸನದ ಕಾರಿನಲ್ಲಿ ಕೂರುವಂತಾದದ್ದು ಅದರಿಂದ. 2005ರಲ್ಲಿ ಫಾರ್ಮುಲಾ ಒನ್ ತಲುಪಿದ ಮೊದಲ ಭಾರತೀಯ ನರೇನ್ ಕಾರ್ತಿಕೇಯನ್ ಆರಂಭಿಸಿದ್ದೂ ಅದರಲ್ಲೇ.

ಹಳೆಯ ಅಂಬಾಸಿಡರನ್ನೂ ರಾಜರ ರೋಲ್ಸ್‌ರಾಯ್ಸನ್ನೂ ಕಾಪಾಡುವವರು ನಮ್ಮಲ್ಲಿದ್ದಾರೆ. ಕೇಂದ್ರ ಸರ್ಕಾರ 2021ರಲ್ಲಿ 50 ವರ್ಷ ದಾಟಿದ ವಾಹನಗಳಿಗೆ 'ವಿಎ' ಎಂಬ ಪ್ರತ್ಯೇಕ ನೋಂದಣಿ ಸಂಖ್ಯೆಯನ್ನೂ ತಂದಿದೆ. ರಸ್ತೆಗೆ ಎಂದೂ ನೋಂದಣಿಯಾಗದ ರೇಸ್ ಕಾರು ಆ ವ್ಯವಸ್ಥೆಯ ಕಣ್ಣಿಗೆ ಬೀಳುವುದಿಲ್ಲ. ಫಾರ್ಮುಲಾ ಮಾರುತಿಯ ಯಾವ ಚಾಸಿ ಯಾರ ಕೈಯಲ್ಲಿ ಯಾವ ರೇಸು ಓಡಿತು, ಯಾವಾಗ ಮುರಿಯಿತು, ಯಾವುದರ ಭಾಗ ಯಾವುದಕ್ಕೆ ಹೋಯಿತು ಎಂಬುದನ್ನು ಹೇಳಬಲ್ಲ ಮೆಕ್ಯಾನಿಕ್ಕುಗಳು ಇನ್ನೂ ಇದ್ದಾರೆ, ಅವರಿಗೆ ವಯಸ್ಸಾಗುತ್ತಿದೆ. ಬೆಲೆ ಬರುವ ಮುಂಚೆ ಬರೆದಿಟ್ಟ ಚರಿತ್ರೆಯೇ ನಂಬಲರ್ಹವಾದದ್ದು, ಏಕೆಂದರೆ ಆಗ ಸುಳ್ಳು ಹೇಳಿ ಯಾರಿಗೂ ಲಾಭವಿಲ್ಲ. ಯುರೋಪು ಈ ಕೆಲಸವನ್ನು ತಡವಾಗಿ ಮಾಡಿ ಕಷ್ಟಪಡುತ್ತಿದೆ. ನಮಗೆ ಇನ್ನೂ ಸಮಯವಿದೆ.

ಆದ್ದರಿಂದ, ಹಣವಿದ್ದು ಹಳೆಯ ರೇಸ್ ಕಾರು ಕೊಳ್ಳಬೇಕೆನ್ನುವ ನಮ್ಮವರಿಗೆ ನನ್ನದೊಂದು ವಿನಂತಿ. ಕೊಳ್ಳಿರಿ, ಓಡಿಸಿರಿ. ತೆಗೆದ ಭಾಗವನ್ನು ಎಸೆಯದೆ ಚೀಟಿ ಕಟ್ಟಿ ಇಡಿರಿ. ಹಾಕಿದ ಭಾಗದ ತಾರೀಖನ್ನು ಬರೆಯಿರಿ. ಮಾರುವಾಗ ಆ ದಫ್ತರನ್ನು ಕಾರಿನ ಜೊತೆಗೇ ಕೊಡಿರಿ, ಅದರಿಂದ ಬೆಲೆ ಕಡಿಮೆಯಾಗುವುದಾದರೂ ಸರಿ. ಹಣವಿಲ್ಲದ ನಮ್ಮಂಥವರಿಗೂ ಕೆಲಸವಿದೆ. ಶೋಳವರಂನಲ್ಲಿ ಎಣ್ಣೆಗೈಯಾಗಿ ದುಡಿದ ಒಬ್ಬ ಹಿರಿಯರನ್ನು ಹುಡುಕಿ, ಎದುರಿಗೆ ಕೂತು, ಅವರು ಹೇಳಿದ್ದನ್ನು ಬರೆದುಕೊಳ್ಳುವುದು. ಬರೆಯುವುದು ನಮಗೆ ಗೊತ್ತಿರುವ ಕಸುಬೇ ತಾನೇ.